ಬಾವಿಯೊಳಗಿನ ಸೀಟಿ

ಜರಾ ಹತ್ರ ಬರ್ರಿ... ಜೋರಾಗಿ ಹೇಳೂದಲ್ಲ ಇದು. ನಮ್ಮ ಕಾಕಾನ ಮಗ ಸಿದ್ದೇಶಗ ಆದದ್ದು. ಇಲ್ಲೇ, ಪ್ರತಾಪ ನಗರದಾಗ.

ಸಿದ್ದೇಶ ಸರಕಿನ ಹಡಗಿನ ಮ್ಯಾಲ ಕೆಲಸಕ್ಕಿದ್ದ. ಮೇ ತಿಂಗಳು, ರಜಾಕ್ಕ ಬಂದಿದ್ದ. ಮದುವಿ ಊಟ ಮುಗಿಸಿ ಹೆಂಡತಿ ಚಾರುಲತಾನ ಕೂಡ ನಡಕೊಂತ ಮನಿಗೆ ಹೊಂಟಿದ್ದ. ಕರೆಂಟ್ ಹೋಗಿತ್ತು. ಒಂದು ಎಲಿ ಅಲುಗವಲ್ದು. ಆಲದ ಮರದ ಕೆಳಗ ಬಾವಿ ಐತೆಲ್ಲ, ಅಲ್ಲಿಗೆ ಬಂದಾಗ ಚಾರುಲತಾ ಸುಮ್ನ ಒಂದು ಹಾಡಿನ ಸೀಟಿ ಹೊಡದ್ಲು.

"ಬ್ಯಾಡ," ಅಂದ ಸಿದ್ದೇಶ.

ರಾತ್ರಿ ಸೀಟಿ ಹೊಡದ್ರ ದೆವ್ವ ಬರ್ತಾವಂತ ಅತ್ತಿ ಅಂತಾರ, ನೀವೂ ಹಂಗ ಅಂತೀರೇನು ಅಂತ ಆಕಿ ನಕ್ಕಳು. ಅವ ನಗಲಿಲ್ಲ. ನಿಂತಲ್ಲೇ ಹೇಳಿದ... ಹಡಗಿನ್ಯಾಗ ಸೀಟಿ ಹೊಡದ್ರ ಬಿರುಗಾಳಿ ಏಳತೈತಿ ಅಂತಾರ. ಅದು ಸುಳ್ಳು. ಖರೇ ಅಂದ್ರ, ಹಿಂದಿನ ಕಾಲದಾಗ ಹಾಯಿ ಹಗ್ಗ ಎಳಿಯವರಿಗೆ ಹುಕುಮ್ ಕೊಡತಿದ್ದದ್ದ ಸೀಟಿಲಿಂದ. ಯಾವನರ ಸುಮ್ನ ಊದಿದ್ರ ಇನ್ನೊಬ್ಬನ ಜೀವ ಹೋಗತಿತ್ತು. ಕಾರವಾರದ ಗೌತಮ್ ಅಂತ ಅವನ ಗೆಳೆಯ. ಹಡಗಿನ ಮಗ್ಗಲಿಗೆ ಹಗ್ಗದಾಗ ಇಳದು ಬಣ್ಣ ಹಚ್ಚತಿದ್ದ. ಮ್ಯಾಲ ಹಗ್ಗ ಹಿಡದಾವ ಸಿದ್ದೇಶ. ಕೆಳಗಿಂದ ಗೌತಮ್ ಎರಡು ಸಣ್ಣ ಸೀಟಿ ಊದಿದ್ರ ಹಗ್ಗ ಇನ್ನಷ್ಟು ಕೆಳಗ ಬಿಡು, ಒಂದು ಉದ್ದಂದು ಊದಿದ್ರ ಮ್ಯಾಲ ಎಳಿ... ಬೆನ್ನ ಹಿಂದ ಅಡಿಗಿಯವ ಯಾವದೋ ಹಾಡಿಂದು ಎರಡು ಸಣ್ಣ ಸೀಟಿ ಹೊಡದ. ಗೌತಮ್‌ನ ಸೀಟಿ ಅಂತ ತಿಳದು ಸಿದ್ದೇಶ ಹಗ್ಗ ಬಿಟ್ಟ. ತೆರಿ ಬಂತು. ಹಗ್ಗ ಖಾಲಿ ಬಂತು.

ಇದನ್ನ ಅವ ಯಾರ ಮುಂದನೂ ಅಂದಿರಲಿಲ್ಲ.

ಆವಾಗ... ಬಾವಿಯೊಳಗಿಂದ...

ಫೂಯ್ಯ್ಯ್ಯ್.

ಒಂದ. ಉದ್ದಂದು.

"ಕೇಳಿಸ್ತೇನು?" ಅಂದ ಸಿದ್ದೇಶ, ಪಿಸುದನಿಲೆ.

"ಹ್ಞೂಂ." ಚಾರುಲತಾ ಬಾವಿ ಹಗ್ಗ ಅವನ ಕೈಯಾಗ ಕೊಟ್ಟಳು. "ಎಳೀರಿ."

ಕೊಡದ ಹಗ್ಗ ಹಿಡದು ಎಳದ. ಗಾಲಿ ಕಿರ್ರ್... ಕಿರ್ರ್ ಅಂತು. ನೀರಿನ ಭಾರ ಅಲ್ಲ ಅದು. ಅಂಗೈ ಸುಲಿದು ರಕ್ತ ಬಂತು, ಬಿಡಲಿಲ್ಲ. ಆಕಿನೂ ಕೈ ಹಚ್ಚಿದಳು. ಕಟ್ಟಿ ತನ ಬಂತು... ಫಕ್ಕನ ಹಗರಾತು. ಖಾಲಿ ಕೊಡ ಠಣ್ ಅಂತ ಗಾಲಿಗೆ ಬಡೀತು. ಆಮ್ಯಾಲ ಕಲ್ಲಿನ ಮ್ಯಾಲ ಚಪ್... ಚಪ್... ಚಪ್. ಹಸಿ ಬರಿಗಾಲಿನ ಸಪ್ಪಳ, ಆಳು ಮಾತ್ರ ಕಾಣಲಿಲ್ಲ. ಇಬ್ಬರ ನಡುವಿಂದ ಹಾದು ರಸ್ತಾಕ್ಕ ಹೋತು.

ಸಿದ್ದೇಶ ಅಲ್ಲೇ ಕುಂತು ಅತ್ತ. ಜೂನ್‌ದಾಗ ಮತ್ತ ಹಡಗಿಗೆ ಹೋದ.

ಬಾವಿ ಹತ್ರ ಹಂಗಾದ ಮರುದಿನ ಮುಂಜಾನಿನ ನಮ್ಮ ಬಾಜೂ ಮನಿ ಪ್ರಭಾಕಾಕು ಬಂದಿದ್ಲು. ಆಕಿ ಕೂಲರ್‌ಗೆ ತುಂಬೂದು ಅದೇ ಬಾವಿ ನೀರು. ರಾತ್ರಿ ಕರೆಂಟ್ ಬಂದ ಮ್ಯಾಲ ಕೂಲರ್ ಹಚ್ಚಿ ಮಲಗಿದ್ರಂತ, ಎದ್ದಾಗ ಮನೀಮಂದಿಗೆಲ್ಲ ತುಟಿ ಉಪ್ಪುಪ್ಪಂತ. ಹುಚ್ಚಿ ಅಂದ್ವಿ. ಹೋಗಿ ಆ ಕೂಲರ್ ನೀರಾಗ ಬೆರಳದ್ದಿ ನಾಲಿಗಿಗೆ ಹಚ್ಚಿದೆ... ನಾನ, ಇದೇ ನಾಲಿಗಿಗೆ. ಸಮುದ್ರದ ನೀರಿನಂಗ ಉಪ್ಪಿತ್ತು.