ಎಡಗಡೆಯ ಎಂಜಿನ್

...ಅದನ್ನ ಕೆಳಗಿಡಿ ಅತ್ತಿಗೆ. ಹಳೇ ಫೋಟೋ ಅಷ್ಟೇ. ಎಲ್ಲಿತ್ತು? ಹದ್ದಾಳ ಪೆಟ್ಟಿಗೇಲಾ? ಅವಳ ಬಟ್ಟೆ ಕೆಳಗಾ? ಇರಲಿಕ್ಕಿಲ್ಲ! ಎಪ್ಪತ್ತೊಂದರಲ್ಲಿ ಮನೆ ಬದಲಾಯಿಸಿದಾಗ ಕಳೆದೇ ಹೋಯ್ತು ಅಂದ್ಕೊಂಡಿದ್ದೆ.

ಅವಳು ಹೋಗಿ ಇವತ್ತಿಗೆ ನಲವತ್ತು ದಿನ. ನಿಮ್ಮ ತಂಗಿ ಬಟ್ಟೆ ಬಡವರಿಗೆ ಹಂಚೋಕೆ ಬಂದಿದ್ದೀರಿ. ಹಂಚಿ. ಇದೆಲ್ಲ ಯಾಕೀಗ? ಕೂಸ್‌ಕೂಸ್ ಆರ್ತಿದೆ, ಒಂದು ತುತ್ತು ತಿನ್ನಿ... ಬೇಡ್ವಾ?

ಸರಿ. ಹೌದು, ಅದು ನಾನೇ. ಇಪ್ಪತ್ತೆರಡು ವರ್ಷ ಆಗ. ತಲೆತುಂಬ ಕೂದಲು. ಯಾಕೆ ನಗ್ತೀರಿ? ...ನಗ್ಲಿಲ್ವಾ. ನಂಗೆ ಹಾಗನ್ನಿಸ್ತು.

ಹಿಂದೆ ಕಾಣೋದು ಫ್ಲಾಮಾಂ. ಫ್ರೆಂಚರ ವಿಮಾನ. ಬಿಸ್ಕ್ರಾ ಊರಾಚೆ ಉಪ್ಪಿನ ಕೆರೇಲಿ ನಿಲ್ಲುತ್ತಲ್ಲ, ಉದ್ದ ಕಾಲಿನ ಹಕ್ಕಿ, ಅದರ ಹೆಸರೇ ಇದಕ್ಕೆ. ಎರಡು ಎಂಜಿನ್. ಹತ್ತು ಜನ ಕೂರಬಹುದು. ಅವರ ದೇಶದಲ್ಲಿ ದೊಡ್ಡ ಯುದ್ಧ ಮುಗಿದ ಮೇಲೆ ಕಟ್ಟಿದ್ದು. ಎಲ್ಲ ಕೆಲಸಕ್ಕೂ ಆಗುತ್ತೆ ಅಂತಿದ್ರು. ಕಾಗದಪತ್ರ ಒಯ್ಯುತ್ತೆ. ರೋಗಿಗಳನ್ನ ಒಯ್ಯುತ್ತೆ. ಒಂದ್ಸಲ ಹೆರಿಗೆ ನೋವು ಬಂದ ಹೆಂಗಸನ್ನ ಮರಳುಗಾಡಿಂದ ಎತ್ತಿ ತಂತು ಅತ್ತಿಗೆ! ನಾನೇ ಕೈ ಕೊಟ್ಟು ಇಳಿಸಿದ್ದೆ. ಒಳ್ಳೇ ವಿಮಾನ ಅದು. ಒಳ್ಳೇದೇ...

ಆಮೇಲೆ ಫ್ರೆಂಚರನ್ನ ಓಡಿಸೋಕೆ ನಮ್ಮ ಯುದ್ಧ ಶುರುವಾಯ್ತು. ರೆಕ್ಕೆ ಕೆಳಗೆ ಬಾಂಬು ತೂಗುಹಾಕಿದ್ರು. ಅದೇ ವಿಮಾನಕ್ಕೆ.

ನಾನು? ನಾನೇನು ಮಾಡಿದೆ? ತೊಳೀತಿದ್ದೆ. ಎಂಜಿನ್ ಮುಂದಿನ ಪಂಖ ತಿರುಗಿಸ್ತಿದ್ದೆ. ಅಷ್ಟೇ. ಅಷ್ಟೇ ಅಂದ್ನಲ್ಲ!

ಫೋಟೋ ಯಾಕೆ ತಿರುಗಿಸಿದ್ರಿ? ಹಿಂದಿರೋದು ತಾರೀಕು. ಮೇ ಹದಿನಾಲ್ಕು, ಐವತ್ತೇಳು. ಯಾರೋ ತಪ್ಪು ಬರೆದಿರಬೇಕು... ಹದ್ದಾಗೆ ಅಕ್ಷರ ಓದೋಕೆ ಬರ್ತಿರಲಿಲ್ಲ. ಆದ್ರೆ ಅಂಕಿ ಗೊತ್ತಿತ್ತು, ಅಲ್ವಾ? ಅಂಕಿ ಗೊತ್ತಿತ್ತು.

ಅವತ್ತೇ ನಿಮ್ಮ ಕಣಿವೆ ಮೇಲೆ ಬಾಂಬು ಬಿದ್ದಿದ್ದು. ನಿಮ್ಮಮ್ಮ... ಗೊತ್ತು. ನಂಗೆ ಗೊತ್ತು. ಮದುವೆಯಾದ ಮೂರನೇ ದಿನ ಹದ್ದಾ ಹೇಳಿದ್ಳು. ತಾರೀಕೂ ಹೇಳಿದ್ಳು. ನೀನೂ ಫ್ರೆಂಚರ ವಿಮಾನ ನಿಲ್ದಾಣದಲ್ಲೇ ಕೆಲಸ ಮಾಡ್ತಿದ್ಯಲ್ಲ, ಅವತ್ತು ಇದ್ಯಾ ಅಂದ್ಳು. ಇಲ್ಲ ಕಣೇ, ಜ್ವರ, ಮಲಗಿದ್ದೆ ಅಂದೆ. ನನ್ನ ಬಾಯಿಂದ ಅದು ಹೇಗೆ ಬಂತೋ! ಬಂದ ಮೇಲೆ ವಾಪಸ್ ಹೋಗ್ಲಿಲ್ಲ.

ಪಾಪ ತೊಳ್ಕೊಳ್ಳೋಕೆ ಅವಳನ್ನ ಮದುವೆಯಾದೆ ಅಂದ್ಕೋಬೇಡಿ. ಆಣೆ ಮಾಡ್ತೀನಿ, ಅವಳು ಹೇಳೋವರೆಗೂ ನಿಮ್ಮಮ್ಮ ಹೇಗೆ ಹೋದ್ರು ಅಂತ ನಂಗೆ ಗೊತ್ತಿರಲಿಲ್ಲ.

ಆ ಬೆಳಗ್ಗೆ... ಕೇಳಿ, ಹೇಳೇಬಿಡ್ತೀನಿ. ಆ ಎಂಜಿನ್ ತಲೆಕೆಳಗು. ಸಿಲಿಂಡರೆಲ್ಲ ಕೆಳಮುಖ. ನಿಂತಲ್ಲೇ ಎಣ್ಣೆ ಇಳಿದು ಕೂರುತ್ತೆ. ಅದಕ್ಕೇ ಚಾಲೂ ಮಾಡೋಕೆ ಮುಂಚೆ ಪಂಖ ಕೈಯಲ್ಲೇ ತಿರುಗಿಸಬೇಕು. ಎಣ್ಣೆ ಇದ್ರೆ ಗಟ್ಟಿಯಾಗಿ ನಿಲ್ಲುತ್ತೆ, ಗೋಡೆ ತಳ್ಳಿದ ಹಾಗೆ. ನೋಡದೆ ಚಾಲೂ ಮಾಡಿದ್ರೆ ಒಳಗಿನ ರಾಡು ಬಗ್ಗಿಹೋಗುತ್ತೆ. ವಿಮಾನ ಅಲ್ಲೇ ನಿಲ್ಲುತ್ತೆ.

ಬಲಗಡೇದು ಸಲೀಸಾಗಿ ತಿರುಗ್ತು. ಎಡಗಡೇದು ನಿಂತ್ಬಿಡ್ತು.

ಸಾರ್ಜೆಂಟು ಸಿಗರೇಟು ಹಚ್ತಿದ್ದ, ಬೆನ್ನು ಹಾಕಿ. ನನ್ನ ಕೈಗೆ ಮಾತ್ರ ಗೊತ್ತು ಅದು. ಸುಮ್ಮನಿದ್ದಿದ್ರೆ ಸಾಕಿತ್ತು! ಬಾಯಿ ಮುಚ್ಕೊಂಡು ಪಕ್ಕಕ್ಕೆ ಬಂದಿದ್ರೆ ಸಾಕಿತ್ತು! ನಾನು ಕೈ ಎತ್ತಿದೆ. ನಿಲ್ಸಿ, ಎಣ್ಣೆ ಕೂತಿದೆ ಅಂದೆ. ಸಿಲಿಂಡರಿನ ಪ್ಲಗ್ಗು ಬಿಚ್ಚಿ ನಾನೇ ಎಣ್ಣೆ ಬಸಿದೆ, ನಾನೇ ಮತ್ತೆ ಬಿಗಿದೆ. ಪೈಲಟ್ ಬೆನ್ನು ತಟ್ಟಿದ. ಈ ಹುಡುಗನ ಕೈಗೆ ಕಿವಿ ಇದೆ ಅಂತ ನಕ್ಕ. ಫೋಟೋ ತೆಗೆಸಿದ. ನೋಡಿ, ನಾನೂ ನಗ್ತಿದ್ದೀನಿ.

ಎಲ್ಲಿಗೆ ಹೋಗುತ್ತೆ ಅಂತ ನಂಗೆ ಗೊತ್ತಿರಲಿಲ್ಲ.

...ಹಾಗೆ ನೋಡಬೇಡಿ ಅತ್ತಿಗೆ.

ಸರಿ. ಗೊತ್ತಿತ್ತು. ನಕ್ಷೆ ಮೇಲೆ ಬೆರಳಿಟ್ಟು ನಿಮ್ಮ ಕಣಿವೆ ಹೆಸರು ಹೇಳಿದ್ರು. ಕೇಳಿಸ್ಕೊಂಡೇ ಪ್ಲಗ್ಗು ಬಿಗಿದೆ. ಹೆದರಿದ್ದೆ ಅಂದ್ರೆ ಸುಳ್ಳು. ಯಾರೂ ಹೆದರಿಸ್ಲಿಲ್ಲ. ಕೆಲಸ ಸರಿಯಾಗಬೇಕು, ಅಷ್ಟೇ ಇತ್ತು ತಲೇಲಿ... ಅಷ್ಟೇ.

ಹೋದ ವರ್ಷ ಟಿವಿಲಿ ತೋರಿಸಿದ್ರು. ಫ್ರಾನ್ಸಲ್ಲಿ ಅಂಥದ್ದೊಂದಕ್ಕೆ ಬಣ್ಣ ಬಳಿದು ಹಾರಿಸ್ತಿದ್ರು. ಜನ ಚಪ್ಪಾಳೆ ತಟ್ತಿದ್ರು. ಹದ್ದಾ ಪಕ್ಕದಲ್ಲೇ ಕೂತು ಬಟಾಣಿ ಸುಲೀತಿದ್ಳು. ಸುಲಿಯೋದು ನಿಲ್ಲಿಸ್ಲಿಲ್ಲ. ನಾನೇ ಎದ್ದು ಟಿವಿ ಆರಿಸಿದೆ.

ಬೈಯಿರಿ ಅತ್ತಿಗೆ. ನಿಮ್ಮಮ್ಮನ್ನ ಮಣ್ಣಿಂದ ಎತ್ತಿದವರು ನೀವು. ಉಗೀರಿ ನನ್ನ ಮುಖಕ್ಕೆ. ಇಷ್ಟೆಲ್ಲ ಹೇಳಿದ್ರೂ ನಿಮ್ಮ ಕಣ್ಣು ಅಲುಗ್ತಿಲ್ಲ. ಮೊದಲೇ ಕೇಳಿದವರ ಹಾಗೆ...

ಮೊದಲೇ ಕೇಳಿದ್ರಾ?

ಹದ್ದಾ ಹೇಳಿದ್ಳಾ? ಯಾವಾಗ? ಮನೆ ಬದಲಾಯಿಸಿದಾಗಲೇ ಸಿಕ್ಕಿತ್ತಾ ಇದು ಅವಳಿಗೆ? ಎಪ್ಪತ್ತೊಂದರಲ್ಲಾ! ಆಮೇಲೆ ಇಪ್ಪತ್ತೈದು ವರ್ಷ ನಂಗೆ ರೊಟ್ಟಿ ತಟ್ಟಿ ಹಾಕಿದ್ಳಾ? ನನ್ನ ಪಕ್ಕ ಮಲಗಿದ್ಳಾ?

ವಿಮಾನ ಮೇಲೆ ಹೋದಾಗೆಲ್ಲ ಬೀದಿಯವರು ಆಕಾಶ ನೋಡ್ತಿದ್ರು. ಅವಳು ನನ್ನ ಮುಖ ನೋಡ್ತಿದ್ಳು. ಪಾಪ, ಹೆದರಿಕೆ ಅಂದ್ಕೊಂಡು ಕೈ ಹಿಡ್ಕೊಳ್ತಿದ್ದೆ. ಏನೂ ಆಗಲ್ಲ ಕಣೇ ಅಂತಿದ್ದೆ...

ತಾನಾಗೇ ನಿಜ ಹೇಳ್ತಾನಾ ಅಂತ ಕಾಯ್ತಿದ್ಳಾ ಅತ್ತಿಗೆ? ಕೊನೇವರೆಗೂ?

...ಅತ್ತಿಗೆ?