ಗುರುತಿಲ್ಲದ ನಂಬರು

ಚಳಿಗಾಲ ಮುಗಿಯುತ್ತಿದ್ದ ಒಂದು ಬೆಳಗ್ಗೆ, ಬಸ್‌ನಿಲ್ದಾಣದ ಬೆಂಚಿನಲ್ಲಿ ಮುದಿ ಬಡಗಿಯ ಪಕ್ಕ ದರ್ಜಿ ಹೆಂಗಸೂ ಅವಳ ತಂಗಿಯೂ ಕೂತಿದ್ದರು. ಆಸ್ಪತ್ರೆಯಲ್ಲಿ ದರ್ಜಿಯ ಮಗಳಿಗೆ ಹೆರಿಗೆ ನೋವು ಶುರುವಾಗಿತ್ತು. ದರ್ಜಿಯ ಫೋನು ಹೊಡೆದುಕೊಂಡಿತು. ಗುರುತಿಲ್ಲದ ನಂಬರು.

“ನಿನ್ ಸಾಲಾನೂ ಬೇಡ, ನೀನೂ ಬೇಡ! ಇಡಯ್ಯಾ ಫೋನು!” ದರ್ಜಿ ಅತ್ತಲಿನವನಿಗೆ ಬಾಯಿ ಬಿಡಲೂ ಬಿಡಲಿಲ್ಲ.

“ಮತ್ತೆ ಸಾಲದವನೇನಕ್ಕಾ?”

“ಇನ್ಯಾರು? ಬೆಳಗ್ಗಿಂದ ಜೀವ ತಿಂತಾವ್ರೆ. ಮಗಳ ಸುದ್ದಿ ಬರೋ ಹೊತ್ತು ಬೇರೆ.”

“ಇಂಥೋರಿಗೆ ಬಿಗಿಯಾದ ಕಾನೂನು ಮಾಡ್ಬೇಕು.”

“ಹೂಂ. ಹಿಡಿದು ಕೂರಿಸಿ, ಊರೋರೆಲ್ಲಾ ಸರದಿ ಮೇಲೆ ಅವ್ರಿಗೆ ಫೋನ್ ಮಾಡ್ಬೇಕು!”

ಅದೇ ನಂಬರು ಮತ್ತೆ ಬಂತು.

“ಇಲ್ಲಿ ಕೊಡಕ್ಕಾ, ನಾನು ವಿಚಾರಿಸ್ಕೋತೀನಿ. ಹಲೋ! ಯಾರ್ರೀ... ಅಯ್ಯೋ, ಅಳಿಯಂದ್ರಾ?”

“ಯಾರೇ?”

“ನಿನ್ನ ಅಳಿಯ ಕಣಕ್ಕಾ! ಫೋನ್ ಆಫ್ ಆಗಿ ನರ್ಸಮ್ಮನ ಫೋನಿಂದ ಮಾಡ್ತಿದಾರೆ. ಹೆಣ್ಣು ಮಗು! ಇಬ್ಬರೂ ಚೆನ್ನಾಗಿದಾರಂತೆ!”

“ಹಾಗಾದ್ರೆ ಆಗ ಬೈಸಿಕೊಂಡಿದ್ದು?”

“ಅವರೇ. ‘ಸಾಲ ಬೇಡ ಸರಿ, ಮೊಮ್ಮಗಳಾದ್ರೂ ಬೇಕೋ ಬೇಡ್ವೋ ಕೇಳಿ’ ಅಂತಿದಾರೆ.”

“ಬೇಕು ಅನ್ನೇ! ಓಡಿ ಬರ್ತಿದೀವಿ ಅನ್ನು!”

ಬಸ್ಸು ಬಂತು. ಅಕ್ಕ ತಂಗಿ ಒಬ್ಬರನ್ನೊಬ್ಬರು ತಬ್ಬಿಕೊಂಡು, ನಗುತ್ತಲೇ ಹತ್ತಿ ಹೋದರು. ಬಡಗಿಯೂ ಅದೇ ಬಸ್ಸಿಗೆ ಕಾದಿದ್ದವನು. ನಕ್ಕು ನಕ್ಕು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅದು ಹೊರಟೇಹೋಗಿತ್ತು.