ಉಂಬರಗಡದಲ್ಲಿ ನಲವತ್ತೊಂದು

ಕತ್ತಲಾದ ಮೇಲೆ ಉಂಬರಗಡದ ಬೆಟ್ಟದ ಕೋಟೆ ಇಳಿಯುವವರು ನೀರಿನ ಟಾಕಿಯ ಅಂಚಿನಲ್ಲೇ ಹಾದು, ಆಲದ ಮರದ ಕೆಳಗೆ ಬರಬೇಕು. ಬೇರೆ ದಾರಿಯಿಲ್ಲ. ಬಂಡೆ ಕೊರೆದು ಮಾಡಿದ ಟಾಕಿ ಅದು, ಬಾವಿಯಷ್ಟೇ ಆಳ. ನಮ್ಮ ಚಿಕ್ಕಮ್ಮನ ಮಗ ನಿಶಿಕಾಂತ ಹಾಗೆಯೇ ಇಳಿದು ಬಂದ. ಸ್ವಂತ ತಮ್ಮನಂತೆ ಬೆಳೆದವನು, ಆದರೂ ಅವನ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ದನಿ ತಗ್ಗಿಸಿ ಹೇಳುತ್ತೇನೆ... ಪಕ್ಕದ ಕೋಣೆಯಲ್ಲೇ ಮಲಗಿದ್ದಾನೆ.

ಪುಣೆಯಲ್ಲಿ ಅವನಿರುವ ಹೌಸಿಂಗ್ ಸೊಸೈಟಿಯವರು ಡಿಸೆಂಬರಿನಲ್ಲಿ ಗಡ ಹತ್ತಲು ಹೊರಟಿದ್ದರು. ನಲವತ್ತೆರಡು ಜನ. ಮೇಕೆಮರಿಯ ಹಾಗೆ ಹತ್ತುವ ಹುಡುಗರು, ಹೊಸ ಬೂಟು ಕಚ್ಚಿ ಕುಂಟುವ ಗಂಡಸರು, ಹತ್ತು ಹೆಜ್ಜೆಗೊಮ್ಮೆ ಫೋಟೊಗೆ ನಿಲ್ಲುವವರು. ಎಲ್ಲರಿಗಿಂತ ಹಿಂದೆ ಸುಲಭಾ ಕಾಕು, ಸೊಸೈಟಿಗೆಲ್ಲ ದೊಡ್ಡಮ್ಮನಂತಿದ್ದವರು. ಅರವತ್ತು ದಾಟಿದವರು, ಮಂಡಿನೋವು, ಕೈಯಲ್ಲೊಂದು ಬಿದಿರು ಕೋಲು. ಗಡದ ಮೇಲಿನ ದೇವಿಗೆ ಒಮ್ಮೆ ಉಡಿ ತುಂಬಬೇಕು ಅಂತ ಆಸೆ.

ಅಂಥ ಗುಂಪುಗಳಲ್ಲಿ ಒಂದು ಪದ್ಧತಿಯಿದೆ. ಹೊರಡುವಾಗಲೇ ಪ್ರತಿಯೊಬ್ಬರಿಗೂ ಒಂದು ನಂಬರ್. ಮುಂದಾಳು ನಿಂತು "ನಂಬರ್!" ಅಂದರೆ ಒಂದರಿಂದ ಶುರುವಾಗಿ ಎಲ್ಲರೂ ತಂತಮ್ಮದನ್ನು ಕೂಗಬೇಕು. ಕಡೆಯ ನಂಬರಿನವನು ಯಾರನ್ನೂ ಹಿಂದೆ ಬಿಟ್ಟು ಇಳಿಯುವಂತಿಲ್ಲ. ಕಾಕುವಿನದು ನಲವತ್ತೊಂದು. ಕಡೆಯ ನಲವತ್ತೆರಡು, ನಿಶಿಕಾಂತ.

ಹತ್ತುವಾಗಲೇ ಹುಡುಗರ ಚೇಷ್ಟೆ. "ಕಾಕೂ, ಪಲ್ಲಕ್ಕಿ ತರಿಸೋಣ್ವಾ?"

"ತರ್ಸಪ್ಪ. ಹೊರೋ ಗಂಡಸು ನಿಮ್ಮಲ್ಲಿ ಯಾರಿದ್ದೀರಿ, ಅದನ್ನ ಮೊದ್ಲು ಹೇಳಿ," ಅಂದರಂತೆ ಕಾಕು, ಏದುಸಿರಿನಲ್ಲೇ.

ಇಳಿಯುವಾಗ ಹೊತ್ತು ಮುಳುಗಿತು. ಟಾಕಿಯ ಹತ್ತಿರ ಕಾಕುವಿನ ಕಾಲು ಹೊರಳಿತು. ಕೆಳಗಿನಿಂದ ಮುಂದಾಳು ಶಿರೀಷ ದಾದಾ ಬೊಬ್ಬೆ ಹೊಡೆಯುತ್ತಿದ್ದ, ಬಸ್ಸಿನವನು ಕಾಯಲ್ಲ ಅಂತ.

"ಒಂದು ಗಳಿಗೆ ಕೂತ್ಕೋತೀನಿ ಕಣೋ," ಅಂದರು ಕಾಕು ನಿಶಿಕಾಂತನಿಗೆ. "ಬಿಟ್ಟು ಹೋಗ್ಬೇಡ... ನಂಗೆ ಕತ್ತಲು ಅಂದ್ರೆ ಭಯ."

"ಎಲ್ಲಿ ಹೋಗ್ತೀನಿ ಕಾಕೂ? ಇಲ್ಲೇ ಆಲದ ಕೆಳಗಿರ್ತೀನಿ. ಅಲ್ಲಿ ಎಣಿಸೋದು ಕೇಳಿಸ್ದಾಗ ನೀವೂ ನಿಮ್ಮ ನಂಬರ್ ಕೂಗಿ. ತಕ್ಷಣ ಬಂದು ಕರ್ಕೊಂಡ್ ಹೋಗ್ತೀನಿ."

ಆಲದ ಕೆಳಗೆ ಎಣಿಕೆ ಶುರುವಾಯಿತು. ಮೂವತ್ತೊಂಬತ್ತು... ನಲವತ್ತು... ಆಮೇಲೆ ಸುಮ್ಮನೆ. ಜೀರುಂಡೆಯ ಜಿರ್ರ್ ಬಿಟ್ಟರೆ ಏನಿಲ್ಲ. ಅಷ್ಟರಲ್ಲಿ ಮೇಲಿಂದ ಸಣ್ಣಗೆ ಕೇಳಿಸಿತು, ನಿಶಿಕಾಂತನೊಬ್ಬನಿಗೇ. "ನಲವತ್ತೊಂದೂ..."

ಕಾಕು ಹಿಂದುಳಿದದ್ದು ಹೇಳಿದರೆ ಶಿರೀಷ ದಾದಾ ಎಲ್ಲರೆದುರು ಮಾನ ಕಳೆಯುತ್ತಾನೆ. ಮತ್ತೆ ತಾನೇ ಹತ್ತಬೇಕು. ಕಾಲೇಜಿನಲ್ಲಿ ಗೆಳೆಯರ ಬದಲು ಹಾಜರಿ ಕೂಗಿ ಪಳಗಿದ್ದ ಗಂಟಲು ಅದು. ಸಣ್ಣ ದನಿ ಮಾಡಿ "ನಲವತ್ತೊಂದು" ಅಂದ. ತನ್ನ ದನಿಯಲ್ಲಿ "ನಲವತ್ತೆರಡು" ಅಂದ. ಗುಂಪು ಹೊರಟಿತು. ನಿಧಾನಕ್ಕೆ ಬರುತ್ತಾರೆ ಬಿಡು ಅಂದುಕೊಂಡನಂತೆ. ಥೂ, ಅವನ ಜನ್ಮಕ್ಕಿಷ್ಟು!

ಒಂದು ತಿರುವು ದಾಟಿದ ಮೇಲೆ ಹಿಂದೆ ಸದ್ದು. ಟಕ್... ಟಕ್... ಬಿದಿರು ಕಲ್ಲಿಗೆ ತಗುಲುವ ಸದ್ದು.

"ಬಂದ್ರಾ ಕಾಕೂ?" ಅಂತ ಪಿಸುಗುಟ್ಟಿದ.

ಟಕ್... ಕೋಲಿನ ಸದ್ದಷ್ಟೇ. ಮುನಿಸಿಕೊಂಡಿದ್ದಾರೆ ಅಂದುಕೊಂಡ. ತಿರುಗಿ ನೋಡಲು ಅವನಿಗೆ ಮುಖವಿರಲಿಲ್ಲ. ಮುಂದಿನ ಎಣಿಕೆಯಲ್ಲಿ ಅವನು ಬಾಯಿ ತೆರೆಯುವ ಮೊದಲೇ, ಕಿವಿಯ ಹಿಂದಿನಿಂದ... "ನಲವತ್ತೊಂದು." ಕಾಕುವಿನದೇ ದನಿ. ಅವನಿಗೆ ಹೋದ ಜೀವ ಬಂದಂತಾಯಿತು.

ಬಸ್ಸಿನಲ್ಲೂ ಎಣಿಸಿದರು. ಒಳಗಿನ ದೀಪ ಕೆಟ್ಟಿತ್ತು. ನಿಶಿಕಾಂತ ಕಡೆಯ ಸೀಟಿನಲ್ಲಿ. "ನಲವತ್ತೊಂದು..." ಪಕ್ಕದಿಂದಲೇ ಬಂತು. ಲೆಕ್ಕ ಸರಿಯಾಯಿತು. ಎರಡು ತಾಸಾದ ಮೇಲೆ ಚಹಾಕ್ಕೆ ನಿಲ್ಲಿಸಿದಾಗ ಹೋಟೆಲಿನ ಬೆಳಕು ಒಳಗೆ ಬಿತ್ತು. "ಕಾಕೂ, ತಪ್ಪಾಯ್ತು," ಅಂತ ತಿರುಗಿದ.

ಸೀಟು ಖಾಲಿ.

"ಹುಚ್ಚೇನೋ ನಿಂಗೆ? ಅವರ ನಂಬರ್ ನಾನೇ ಕಿವಿಯಾರೆ ಕೇಳಿದ್ದೀನಿ," ಅಂತ, ಕಾಕು ಇಲ್ಲ ಅಂದಿದ್ದಕ್ಕೆ ಶಿರೀಷ ದಾದಾ ರೇಗಿದ. ಹೋಟೆಲೆಲ್ಲ ಹುಡುಕಿ, ಬಸ್ಸು ತಿರುಗಿಸಿ, ಮಂಜಿನಲ್ಲಿ ದಾರಿ ತಪ್ಪಿ, ಟಾಕಿ ಮುಟ್ಟುವಾಗ ಬೆಳಕು ಹರಿದಿತ್ತು. ಅವನು ಬಿಟ್ಟುಹೋದ ಜಾಗದಲ್ಲೇ ಕಾಕು ಕೂತಿದ್ದರು. ಮೈ ಸೆಟೆದುಹೋಗಿತ್ತು, ಬಾಯಿ ತೆರೆದೇ ಇತ್ತು.

ಇಷ್ಟು ಅವನು ಹೇಳಿದ್ದು. ಬೇಕಾದರೆ ನಂಬಬೇಡಿ. ಮುಂದಿನದು ಮಾತ್ರ ನಾನೇ ಕೇಳಿದ್ದು. ಸುದ್ದಿ ಸಿಕ್ಕ ಕೂಡಲೇ ಓಡಿದ್ದೆ, ಪಂಚನಾಮೆ ನಡೆಯುವಾಗ ಅಲ್ಲಿದ್ದೆ. ಟಾಕಿಯ ಮೇಲ್ಗಡೆ ಎಮ್ಮೆ ಕಟ್ಟಿಕೊಂಡಿರುವ ಧನಗರ ಕುಲದ ಮುದುಕಿಯನ್ನು ಪೊಲೀಸರು ಕರೆಸಿದ್ದರು.

"ಕೂಗಿದ್ದು ಕೇಳಿಸ್ಲಿಲ್ವೇನಜ್ಜಿ?"

"ಕೇಳಿಸ್ದೆ ಏನು? ನಡುರಾತ್ರಿ ತನಕ ಕೂಗಿದ್ಲು. ನಲವತ್ತೊಂದು, ನಲವತ್ತೊಂದು... ಅದೊಂದೇ ಮಾತು."

"ಮತ್ತೆ ಹೋಗ್ಬಾರ್ದಿತ್ತಾ?"

"ಕಂದೀಲು ಹಿಡ್ಕೊಂಡು ಹೊರಟೇ ಇದ್ದೆ ಸಾಹೇಬ. ಆದ್ರೆ ಆಕೆ ಕೂಗ್ದಾಗೆಲ್ಲ ಪಕ್ಕದಲ್ಲೇ ಒಬ್ಬ ಗಂಡಸು ನಲವತ್ತೆರಡು ಅಂತಿದ್ದ. ಜೊತೆಗೆ ಮಗ ಇದ್ದಾನಲ್ಲ ಅಂತ ಬಾಗಿಲು ಹಾಕ್ಕೊಂಡು ಮಲಗ್ದೆ."

ನಿಶಿಕಾಂತ ಎದ್ದು ನಿಂತು ಕಿರುಚಿದ. "ನಾನಲ್ಲ! ನಾನಲ್ಲಿ ಇರ್ಲೇ ಇಲ್ಲ!"

ಮುದುಕಿ ಅವನ ಕಡೆ ತಿರುಗಿದಳು. "ಹೂಂ," ಅಂದಳು, "ಇದೇ ದನಿ."

ದೇವರಾಣೆ, ನಾನು ಅವಳ ಪಕ್ಕದಲ್ಲೇ ನಿಂತಿದ್ದೆ.